ಚೌಕಮನೆಯ ಬಾಗಿಲು

ಜೂನ್ 3, ಮಂಗಳವಾರ. ಬೆಳಗ್ಗೆ 9.40

ಇವತ್ತು ಅಳಿಸಿದ್ದು ನಲವತ್ತೆರಡು. ಎಲ್ಲಾ ರಷ್ಯನ್ ಭಾಷೆಯ ಜಾಹೀರಾತು. ಒಂದು ಮಾತ್ರ ಕನ್ನಡದಲ್ಲಿತ್ತು — 'ಪ್ರಿಯ ಸರ್, ನಿಮ್ಮ ಬೋಳುತಲೆಗೆ ವಿದಾಯ ಹೇಳಿ'. ಹೆಂಡತಿ ಶಿವಲೀಲಾಗೆ ತೋರಿಸಿದೆ. "ಇದೊಂದು ಇರ್ಲಿ ಬಿಡ್ರಿ, ನಿಮ್ಮನ್ನ ನೋಡೇ ಬರದಂಗೈತಿ" ಎಂದು ಟಿಫಿನ್ ಡಬ್ಬಿ ಇಟ್ಟು ಹೋದಳು. ಅದನ್ನೂ ಅಳಿಸಿದೆ.

ಒಂಬತ್ತು ವರ್ಷದಿಂದ ಹೀಗೇ. ಷಟರ್ ಎತ್ತು, ದೀಪ ಹಚ್ಚು, ಊದಿನಕಡ್ಡಿ, ಕಂಪ್ಯೂಟರ್, ಚೌಕಮನೆಯ ಕಸ ಹೊಡೆ. ಆಮೇಲೆ ಮೋಟಾರು. ಗಂಗಾವತಿಯಲ್ಲಿ ಪಂಪ್‌ಸೆಟ್ ಸಾಮಾನು ಮಾರುವವರಿಗೆ ಲೆಕ್ಕವಿಲ್ಲ. ಚೌಕಮನೆಯಂಥ ಇಂಟರ್ನೆಟ್ ಪದಬಂಧದ ಫೋರಂ ಗುಡಿಸುವವನು ನಾನೊಬ್ಬನೇ ಇರಬೇಕು.

ಪುಟದ ಕೆಳಗೆ ಸಣ್ಣಕ್ಷರದಲ್ಲಿ — ಸ್ಥಾಪನೆ 2008, ಕುಷ್ಟಗಿ. ಹದಿನೇಳು ವರ್ಷ. ಕೊಟ್ರಬಸಪ್ಪ ಮಾಸ್ತರು ಆಗ ರಿಟೈರ್ ಆಗಲು ಹತ್ತಿರವಿದ್ದರು. ಶಾಲೆಯ ಕಂಪ್ಯೂಟರಿನಲ್ಲಿ ಕೂತು ಕಟ್ಟಿದ್ದು. ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೊಸ ಪದಬಂಧ, ವಾರವಿಡೀ ಜಗಳ. ಒಂದು ಭಾನುವಾರವೂ ತಪ್ಪಿಲ್ಲ. ಬಿ.ಎ. ಕನ್ನಡ ಅರ್ಧಕ್ಕೆ ಬಿಟ್ಟು ಅಪ್ಪನ ಅಂಗಡಿಯ ಗಲ್ಲೆಯ ಮೇಲೆ ಕೂತವನು ನಾನು. ಬೇರಿಂಗು, ಸೀಲು, ಕಾಯಿಲ್ ಬಿಟ್ಟು ಬೇರೆ ಮಾತಾಡುವ ಜಾಗ ಇದೊಂದೇ...

ಕಾಮನೂರಿನ ಗಿರಾಕಿ ಬಂದರು. ಇಂಪೆಲ್ಲರ್ ಬೇಕಂತೆ.

ಜೂನ್ 5, ಗುರುವಾರ. ಮಧ್ಯಾಹ್ನ

ಖುರ್ಷಿದಾ ಒಂದು ಪೋಸ್ಟ್ ಹಾಕಿದ್ದಾಳೆ. ತಲೆಬರಹ: 'ಚೌಕಮನೆ ಬಿಡೋಣವೇ?'

ಬುತ್ತಿ ಬದಿಗಿಟ್ಟು ಓದಿದೆ.

ಖುರ್ಷಿದಾ ಕೊಪ್ಪಳದಲ್ಲಿ ಸ್ಟಾಫ್ ನರ್ಸ್. ಫೋರಂನಲ್ಲಿ ಅವಳ ಹೆಸರು 'ಸೂಜಿ'. ನನ್ನದು 'ಪಂಪ್‌ಸೆಟ್'. ಎಂಟು ವರ್ಷದ ಪರಿಚಯ, ಮುಖ ನೋಡಿದ್ದು ಎರಡೇ ಸಲ. ಅವಳು ಬರೆಯುವ ಸುಳಿವು ಅವಳ ಹೆಸರಿನಂತೆಯೇ — ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಈ ಪೋಸ್ಟೂ ಹಾಗೇ ಇದೆ. ಸೈಟ್ ತೆರೆದರೆ ಕೆಂಪಕ್ಷರದಲ್ಲಿ 'ಸುರಕ್ಷಿತವಲ್ಲ' ಎಂದು ಬರುತ್ತದೆ. ಹುಡುಕುವ ಡಬ್ಬಿ ಕೆಟ್ಟಿದೆ. ಮೊಬೈಲಿನಲ್ಲಿ ಅಕ್ಷರ ಇರುವೆಯಷ್ಟು. ಸೈಟಿನ ಯಜಮಾನನ ಪಾಸ್‌ವರ್ಡ್ ಮಾಸ್ತರಿಗೇ ಮರೆತಿದೆ (ನನಗಿರುವುದು ಕಸ ಅಳಿಸುವ ಅಧಿಕಾರ ಮಾತ್ರ), ಹಾಗಾಗಿ ರಿಪೇರಿ ಮಾಡುವವರಿಲ್ಲ. ಎಲ್ಲರ ಫೋನಿನಲ್ಲೂ ಇರುವ ಒಂದು ಆ್ಯಪ್‌ಗೆ ಹೋಗಿಬಿಡೋಣ, ಅಲ್ಲಿ ಗ್ರೂಪ್ ಮಾಡೋಣ.

ಒಂದು ಮಾತೂ ಸುಳ್ಳಲ್ಲ. ಅದೇ ಸಿಟ್ಟು.

ಜೂನ್ 8, ಭಾನುವಾರ

ತಡೆಯಲಾಗದೆ ಫೋನ್ ಮಾಡಿದೆ.

"ಅಣ್ಣಾರ, ಎರಡು ವರ್ಷದಾಗ ಹೊಸಬರು ಎಷ್ಟು ಮಂದಿ ಬಂದಾರ ಹೇಳ್ರಿ."

"ರಿಜಿಸ್ಟರ್ ಆಗೂದು ಕೆಟ್ಟೈತಿ ತಂಗೀ. ಚಿತ್ರದಾಗಿನ ಅಕ್ಷರ ಓದಿ ಬರೀರಿ ಅಂತೈತಿ, ಚಿತ್ರನ ಬರೂದಿಲ್ಲ."

"ಅದನ್ನ ಕೇಳಾಕತ್ತೀನ್ರಿ. ಎಷ್ಟು ಮಂದಿ?"

"ಯಾರೂ ಇಲ್ಲ."

"ಹೋದವರು?"

ನಾನು ಎಣಿಸಿಲ್ಲ. ಅವಳು ಎಣಿಸಿದ್ದಳು. ಇಪ್ಪತ್ತಾರು. ಅದರಲ್ಲಿ ನಾಲ್ವರು ತೀರಿಕೊಂಡವರು.

"ಬಾಗಿಲಾ ಮುಚ್ಚಿದ ಮನ್ಯಾಗ ಕುಂತೀವ್ರಿ ನಾವು. ಒಳಗ ತಂಪೈತಿ, ಛಲೋ ಐತಿ. ಆದ್ರ ಹಿಂಗ ಒಬ್ಬೊಬ್ಬರ ಕಡಿಮಿ ಆಕ್ಕೋತ ಹೋಗಿ, ಕಡೀಕ ನೀವೊಬ್ಬರ ಕುಂತು ಕಸ ಹೊಡಿತೀರಿ."

ಮನುಷ್ಯರಿಗೆ ಮುಚ್ಚಿದ ಮನೆಗೆ ಈ ರಷ್ಯನ್ ಜಾಹೀರಾತು ಯಾವ ಕಿಟಕಿಯಿಂದ ನುಗ್ಗುತ್ತವೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಒಂದು ವಾರ ಆ್ಯಪ್‌ನಲ್ಲಿ ಟ್ರಯಲ್ ನೋಡೋಣ, ಆಮೇಲೆ ಮತ ಹಾಕೋಣ ಎಂದು ಒಪ್ಪಿಕೊಂಡೆವು.

ಶಿವಲೀಲಾ ಪಡಸಾಲೆಯಿಂದಲೇ ಕೇಳಿದಳು: "ಯಾರರ ಮನಿ ಬಿಡಾಕತ್ತಾರೇನ್ರಿ?"

"ನಾವ."

"ಸಾಮಾನು ಕಟ್ಟಾಕ ನನ್ನ ಕರೀಬ್ಯಾಡ್ರಿ."

ಜೂನ್ 15, ಭಾನುವಾರ. ಸಂಜೆ

ಟ್ರಯಲ್ ವಾರ ಮುಗಿಯಿತು. ಬೇಸರಕ್ಕೂ ಖುಷಿಗೂ ಎರಡಕ್ಕೂ ಕಾರಣ ಇದೆ, ಪ್ರಾಮಾಣಿಕವಾಗಿ ಬರೆದಿಡಬೇಕು.

ಮೊದಲು ಬೇಸರ. ಇವತ್ತು ಬೆಳಗ್ಗೆ ಒಂಬತ್ತಕ್ಕೆ ಪದಬಂಧ ಹಾಕಿದರೆ ಒಂಬತ್ತೂ ನಾಲ್ಕಕ್ಕೆ ಕುಷ್ಟಗಿಯ ಹನಮೇಶ — ಬ್ಯಾಂಕಿನವನು — ಐದು ಉತ್ತರ ಎಲ್ಲರೆದುರು ಹೇಳಿಬಿಟ್ಟ. ಫೋರಂನಲ್ಲಾದರೆ ಉತ್ತರದ ಮೇಲೆ ಕಪ್ಪು ಪಟ್ಟಿ ಇರುತ್ತದೆ, ಬೇಕಾದವರು ಒತ್ತಿ ನೋಡಬೇಕು. ಇಲ್ಲಿ ಪಟ್ಟಿಯೂ ಇಲ್ಲ, ತಡೆಯೂ ಇಲ್ಲ. "ಬಾಯಿ ತಡೀಲಿಲ್ರಿ" ಎಂದ. ವಾರವಿಡೀ ಶುಭೋದಯದ ಗುಲಾಬಿ ಹೂವು. ಗುಲಾಬಿಯ ಮೇಲೆ ಗುಲಾಬಿ. ಮಂಗಳವಾರ ಒಂದು ಒಳ್ಳೆಯ ಚರ್ಚೆ ನಡೆಯಿತು, ಬುಧವಾರ ಹುಡುಕಿದರೆ ಹೂವಿನ ರಾಶಿಯ ಕೆಳಗೆ ಎಲ್ಲೋ ಹೋಗಿತ್ತು.

ಈಗ ಖುಷಿ. ಒಂದೇ ವಾರದಲ್ಲಿ ಹತ್ತೊಂಬತ್ತು ಹೊಸಬರು. ಯಲಬುರ್ಗಾದ ಭೀಮಕ್ಕ ಅಂತ ಅಂಗನವಾಡಿ ಕಾರ್ಯಕರ್ತೆ, ಪದಬಂಧ ಬಿಡಿಸಿದ್ದೇ ಇದೇ ಮೊದಲಂತೆ — ನನಗೆ ಆಗದ್ದನ್ನು ಬಿಡಿಸಿಬಿಟ್ಟಳು. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು? ಹೊರಗೇ ಇದ್ದರು. ಖುರ್ಷಿದಾ ಹೇಳಿದ ಮುಚ್ಚಿದ ಬಾಗಿಲಿನ ಹೊರಗೆ.

ಒಬ್ಬರು ಮಾತ್ರ ಟ್ರಯಲ್‌ಗೆ ಬರಲೇ ಇಲ್ಲ. 'ಕಹಿಬೇವು'.

ನಮ್ಮೆಲ್ಲರಿಗಿಂತ ಮೇಲಿನ ಆಟಗಾರ. ಹದಿನಾಲ್ಕು ವರ್ಷದಿಂದ ಇದ್ದಾರೆ, ಊರು ಹೆಸರು ಏನೂ ಗೊತ್ತಿಲ್ಲ. ತಿಂಗಳಿಗೊಂದು ಪದಬಂಧ ಕಳಿಸುತ್ತಾರೆ. ಅವರ ಒಂದು ಸುಳಿವು ಈಗಲೂ ಬಾಯಿಪಾಠ: 'ಯುದ್ಧದ ತಲೆ ಹಾರಿಸಿದರೆ ನೆರಳು ಸಿಕ್ಕೀತು, ಎರಡಕ್ಷರ'. ಸಮರದ ತಲೆ ಹೋದರೆ ಮರ. ಇದನ್ನು ಬರೆದವರು ಧಾರವಾಡದ ಕಡೆಯ ನಿವೃತ್ತ ಪ್ರೊಫೆಸರೇ ಇರಬೇಕು ಎಂದು ನನ್ನ ಅಂದಾಜು. ಯಾವಾಗಲೂ 'ಸರ್' ಎಂದೇ ಬರೆಯುತ್ತೇನೆ. ಅವರು ಒಂದು ಸಲವೂ ಬೇಡ ಎಂದಿಲ್ಲ.

ಜೂನ್ 24, ಮಂಗಳವಾರ

ಮತ ಮುಗಿಯಿತು. ಬಿಡೋಣ ಎಂದವರು 44, ಇರೋಣ ಎಂದವರು 29. ಜುಲೈ 31ಕ್ಕೆ ಫೋರಂ ಬಂದ್.

ನಾನು ಇರೋಣ ಎಂದೇ ಹಾಕಿದ್ದೆ. ಸೋತದ್ದಕ್ಕೆ ಬೇಸರವಿದೆ, ಆದರೆ ಅಷ್ಟೇನೂ ಅಲ್ಲ. ಭೀಮಕ್ಕನ ಬಗ್ಗೆ ಯೋಚಿಸಿದರೆ ಸೋತದ್ದೂ ಸರಿ ಅನ್ನಿಸುತ್ತದೆ. ಖುರ್ಷಿದಾ ಫೋನ್ ಮಾಡಿ, "ಸಿಟ್ಟಿಲ್ಲಲ್ರಿ ಅಣ್ಣಾರ?" ಎಂದಳು. ಇಲ್ಲ ಎಂದೆ. "ನೀವ ಅಡ್ಮಿನ್ ಆಗ್ರಿ ಅಲ್ಲೂ" ಎಂದಳು. ಗುಲಾಬಿ ಅಳಿಸುವ ಅಧಿಕಾರ ಇರುತ್ತದೆಯೇ ಎಂದು ಕೇಳಿದೆ. ನಕ್ಕಳು.

ಜೂನ್ 25, ಬುಧವಾರ. ಬೆಳಗ್ಗೆ

ಇಂದು ಬೆಳಗ್ಗೆ ಫೋರಂನಲ್ಲಿ, ಕಹಿಬೇವು ಅವರಿಂದ. ಇದ್ದಹಾಗೇ ಇಳಿಸಿಕೊಳ್ಳುತ್ತೇನೆ:

'ಎಲ್ಲರಿಗೂ ನಮಸ್ಕಾರ. ನನ್ನ ಫೋನಿನಲ್ಲಿ ಆ ಆ್ಯಪ್ ಬರುವುದಿಲ್ಲ. ಅದಕ್ಕೆ ಮತ ಹಾಕಲಿಲ್ಲ, ಹೋಗುವವರ ದಾರಿಗೆ ಅಡ್ಡ ಆಗಬಾರದು. ಹದಿನಾಲ್ಕು ವರ್ಷ ಭಾಳ ಚೆನ್ನಾಗಿ ಕಳೆಯಿತು. ನನ್ನ ಕಡೆಯ ಪದಬಂಧ ಜುಲೈ 27ಕ್ಕೆ ಕಳಿಸುತ್ತೇನೆ. ಆಮೇಲೆ ನೀವು ನೀವೇ ಬಿಡಿಸಿಕೊಳ್ಳಿರಿ.'

ಮೂರು ಸಲ ಓದಿದೆ. ಕೂಡಲೇ ಖುರ್ಷಿದಾ ಫೋನ್.

"ಅಣ್ಣಾರ, ಯಾರ್ರಿ ಅವರು?"

"ಗೊತ್ತಿಲ್ಲ ತಂಗೀ."

"ಹದಿನಾಕು ವರ್ಷ ಆತು, ಯಾರೂ ಕೇಳೇ ಇಲ್ಲೇನು?"

ಕೇಳಿಲ್ಲ. ನಾನೂ ಕೇಳಿಲ್ಲ, ಅವಳೂ ಕೇಳಿಲ್ಲ. ಆಮೇಲೆ ಅವಳೇ ಅಂದಳು — ದನಿ ಇಳಿದಿತ್ತು — "ನಾ ಮಂದಿ ಬರ್ಲಿ ಅಂತ ಮಾಡಿದ್ದೆ, ಯಾರನ್ನೂ ಹೊರಗ ಹಾಕಾಕಲ್ಲ."

ಜೂನ್ 26, ಗುರುವಾರ

ಮಾಸ್ತರಿಗೆ ಫೋನ್ ಮಾಡಿದೆ. ಎಪ್ಪತ್ತಾರು ವಯಸ್ಸು, ದನಿ ಇನ್ನೂ ಕ್ಲಾಸಿನಲ್ಲಿ ನಿಂತವರಂತೆ.

"ಎರಡು ಸಾವಿರದ ಹದಿಮೂರರಾಗ ಒಂದು ಬಹುಮಾನದ ಪುಸ್ತಕ ಪೋಸ್ಟ್ ಮಾಡಿದ್ದೆ ಅವರಿಗೆ. ವಿಳಾಸ ಇರಬೇಕು, ತಡಿ."

ಹತ್ತು ನಿಮಿಷಕ್ಕೆ ವಾಪಸ್ ಫೋನ್: ಕಹಿಬೇವು, ಕೇರ್ ಆಫ್ ಮುದಿಯಪ್ಪ, ಕಿರಾಣಿ ಅಂಗಡಿ, ಬೇವೂರು.

ಬೇವೂರು. ಕೊಪ್ಪಳದಿಂದ ವ್ಯಾನಿನಲ್ಲಿ ಒಂದು ತಾಸೂ ಇಲ್ಲ. ನಾನು ಧಾರವಾಡದಲ್ಲಿ ಹುಡುಕುತ್ತಿದ್ದೆ. ಭಾನುವಾರ ಹೋಗುವುದು. ಶಿವಲೀಲಾ ತಾನೂ ಬರುತ್ತೇನೆ ಎಂದಳು: "ನಿಮ್ಮ ಪ್ರೊಫೆಸರ್ ಮಾರಿ ನೋಡಬೇಕು ನಾನೂ."

ಜೂನ್ 29, ಭಾನುವಾರ. ಸಂಜೆ 6

ಈಗಷ್ಟೇ ಬಂದೆವು. ಮರೆಯುವ ಮುಂಚೆ ಬರೆಯಬೇಕು.

ಅಂಗಡಿಯ ವ್ಯಾನಿನಲ್ಲಿ ಹೊರಟು, ಕೊಪ್ಪಳದ ಭಾಗ್ಯನಗರದ ರೈಲ್ವೆ ಗೇಟಿನ ಬಳಿ ಖುರ್ಷಿದಾಳನ್ನು ಹತ್ತಿಸಿಕೊಂಡೆವು. ಮುಂದೆ ಶಿವಲೀಲಾ, ಹಿಂದೆ ಎರಡು ಹಳೆ ಮೋಟಾರಿನ ನಡುವೆ ಖುರ್ಷಿದಾ. ಹೆಂಗಸರಿಬ್ಬರೂ ಕೂಡಲೇ ನನ್ನನ್ನು ಬಿಟ್ಟು ಮಾತಿಗೆ ಕೂತರು.

ಮುದಿಯಪ್ಪನ ಅಂಗಡಿ ಬಸ್‌ಸ್ಟ್ಯಾಂಡಿನ ಎದುರೇ. ಪದಬಂಧ ಎಂದ ಕೂಡಲೇ ಅವರು ನಕ್ಕರು.

"ಹುಲಗಮ್ಮನ್ನ ಹುಡಿಕ್ಕೊಂತ ಬಂದೀರೇನು? ನನ್ನ ಅಂಗಡಿ ರದ್ದಿ ಪೇಪರ್ ಎಲ್ಲಾ ಓದಿ ಮುಗಿಸ್ಯಾಳ ಆಕಿ. ಹಳ್ಳದ ದಂಡಿಗೆ ಕುರಿ ಬಿಟ್ಕೊಂಡು ಅದಾಳ ನೋಡ್ರಿ."

ಪ್ರೊಫೆಸರ್ ಸರ್ ಕುರಿ ಬಿಟ್ಟುಕೊಂಡಿದ್ದಾರೆ. ಶಿವಲೀಲಾ ನನ್ನ ಮುಖ ನೋಡುತ್ತಲೇ ಇದ್ದಳು.

ಹಳ್ಳದ ದಂಡೆ. ಹೆಸರುಕಾಳಿನ ಬೆಳೆ ಗೇಣುದ್ದ ಎದ್ದಿದೆ. ನಲವತ್ತು ಕುರಿ, ಒಂದು ನಾಯಿ, ತಲೆಗೆ ಸೆರಗು ಸುತ್ತಿದ ನಲವತ್ತರ ಆಸುಪಾಸಿನ ಹೆಂಗಸು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೀಪ್ಯಾಡ್ ಫೋನು. ಕಣ್ಣು ಕುರಿಯ ಮೇಲೆ, ಹೆಬ್ಬೆರಳು ಫೋನಿನ ಮೇಲೆ ಓಡುತ್ತಿದೆ. ನೋಡದೇ ಒತ್ತುತ್ತಾಳೆ.

ನಾನು ಹೆಸರು ಹೇಳಿದೆ. ಅರ್ಥವಾಗಲಿಲ್ಲ. "ಪಂಪ್‌ಸೆಟ್" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಧಾನಕ್ಕೆ ಅಂದಳು: "ನಕ್ಷತ್ರ ಮೂರಕ್ಷರ ರೀ. ನೀವು ನಿಮ್ಮ ಸುಳಿವಿನಾಗ ನಾಕು ಅಂತ ಹಾಕಿದ್ರಿ, ಎರಡು ಸಾವಿರದ ಹತ್ತೊಂಬತ್ತರಾಗ. ನಾಕಕ್ಷರದ್ದು ಹುಡಿಕ್ಕೊಂತ ಎರಡು ದಿನ ತಿರಗೀನಿ. ಒಂದು ಕುರಿ ತಪ್ಪಿಸಿಕೊಂಡಿತ್ತು ಅವತ್ತು."

"ಕುರಿ ಸಿಕ್ತೇನ್ರಿ?"

"ಕುರಿ ಸಿಕ್ತು. ನಾಕನೇ ಅಕ್ಷರ ಇನ್ನೂ ಸಿಕ್ಕಿಲ್ಲ."

ಖುರ್ಷಿದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾ ಸೂಜಿ ರೀ ಅಕ್ಕಾರ." ಹುಲಗಮ್ಮನಿಗೆ ಅಚ್ಚರಿ: "ಅಯ್ಯ, ನೀ ಹೆಣಮಗಳೇನ? ನಾ ಯಾರೋ ಟೇಲರ್ ಅಂತ ತಿಳದಿದ್ದೆ."

ಬೇವಿನ ಮರದ ಕೆಳಗೆ ಕೂತೆವು. ಬುತ್ತಿ ಬಿಚ್ಚಿದಳು — ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೇಡ ಎಂದರೂ ಬಿಡಲಿಲ್ಲ. ತಿನ್ನುತ್ತಾ ಕೇಳಿದೆವು. ಹತ್ತನೇ ತರಗತಿ, ಇಂಗ್ಲಿಷಿನಲ್ಲಿ ನಪಾಸು, ಆಮೇಲೆ ಮದುವೆ. ಗಂಡ ಗವಿಸಿದ್ದಪ್ಪ ಒಕ್ಕಲುತನ, ಕುರಿ ಇವಳದು. ಮುದಿಯಪ್ಪನ ಅಂಗಡಿಯಿಂದ ಬೆಲ್ಲ, ಬೇಳೆ ಕಟ್ಟಿಸಿಕೊಂಡು ಬಂದ ಪೇಪರಿನಲ್ಲಿ ಪದಬಂಧ ಇರುತ್ತಿತ್ತು. ಒಮ್ಮೊಮ್ಮೆ ಅರ್ಧ ಹರಿದಿರುತ್ತಿತ್ತು.

"ಬಿಡಸಾಕ ಬರ್ತಿತ್ತು. ಆದ್ರ ಸರಿ ಐತಿಲ್ಲೋ ಅಂತ ನೋಡಾಕ ಮುಂದಿನ ವಾರದ ಪೇಪರ್ ಬೇಕಲ್ರಿ? ಮುಂದಿನ ವಾರದ್ದು ಯಾರ ಮನಿ ಸಕ್ಕರಿ ಕಟ್ಟಾಕ ಹೋಗಿರ್ತಿತ್ತೋ ಏನೋ. ಉತ್ತರ ಹೊಟ್ಟ್ಯಾಗ ಇಟ್ಕೊಂಡು ತಿರಗಾಡೀನಿ ನಾನು, ವರ್ಷಗಟ್ಟಲೆ. ಚೌಕಮನಿ ಸಿಕ್ಕ ದಿವಸ ಹಬ್ಬ ಆದಂಗಾತು."

ಚೌಕಮನೆ ಹಳೆಯದು, ಹಗುರ. ಈ ಸಣ್ಣ ಫೋನಿನಲ್ಲೂ ತೆರೆಯುತ್ತದೆ. ಮಾಸ್ತರು ಆಗಿನ ಕಾಲದಲ್ಲಿ ಇಟ್ಟ ಒಂದು ಡಬ್ಬಿ ಇದೆ — ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುತ್ತದೆ. ಇಂಗ್ಲಿಷಿನಲ್ಲಿ ನಪಾಸಾದವಳು ಹದಿನಾಲ್ಕು ವರ್ಷ ಅದರಲ್ಲೇ ಬರೆದಿದ್ದಾಳೆ.

ಖುರ್ಷಿದಾ ಕೂಡಲೇ ಶುರು ಮಾಡಿದಳು: "ಅಕ್ಕಾರ, ನನ್ನ ಕಡೆ ಒಂದು ಟಚ್ ಫೋನ್ ಸುಮ್ನ ಬಿದ್ದೈತಿ—"

"ಬ್ಯಾಡವಾ. ನನ್ನ ಮಗಂದು ಐತಿ, ನೋಡೀನಿ. ಅದನ್ನ ನೋಡಿಕೋತ ಒತ್ತಬೇಕು. ನಾ ಫೋನ್ ನೋಡಿದ್ರ ಕುರಿ ಯಾರು ನೋಡ್ತಾರ? ಇದು ಬೆರಳಿಗೆ ಗೊತ್ತೈತಿ. ನಾಕು ದಿನ ಚಾರ್ಜ್ ಬರ್ತೈತಿ, ನೀರಾಗ ಬಿದ್ರೂ ಸಾಯಂಗಿಲ್ಲ."

"ಹಂಗಾದ್ರ ನಾವ ಬಿಡಂಗಿಲ್ಲ ಚೌಕಮನಿ" ಎಂದೆ ನಾನು. ಜೋರಾಗೇ ಎಂದೆ ಅನ್ನಿಸುತ್ತದೆ, ನಾಯಿ ತಲೆ ಎತ್ತಿತು.

ಅವಳಿಗೆ ಅದು ಹಿಡಿಸಲಿಲ್ಲ. "ನೀವು ಬಿಡ್ರಿ. ಮಂದಿ ಬರಬೇಕಲ್ರಿ ಹೊಸಾದು? ನಾ ಒಬ್ಬಾಕಿ ಸಲುವಾಗಿ ಬಾಗಿಲಾ ಹಾಕ್ಕೊಂಡು ಕುಂದ್ರತೀರೇನು? ನಂಗ ಕರುಣಾ ತೋರಸ್ಬ್ಯಾಡ್ರಿ, ಅಣ್ಣಾರ. ನಾ ಬರೀ ತಿಂದು ಹೋಗಾಕಿ ಅಲ್ಲ. ತಿಂಗಳಿಗೊಂದು ಹಾಕೀನಿ."

ಅವಳಿಗೆ ಬೇಕಾದ್ದು ನಮ್ಮ ಮರುಕವಲ್ಲ, ಆಟ.

ವಾಪಸ್ ಬರುವಾಗ ವ್ಯಾನಿನಲ್ಲಿ ಶಿವಲೀಲಾ, ಕಿಟಕಿಯ ಕಡೆ ನೋಡುತ್ತಾ: "ಬಾಗಿಲಾ ಕೆಟ್ರ ಮನಿ ಬಿಡ್ತಾರೇನ್ರಿ ಯಾರರ? ಬಾಗಿಲಾ ರಿಪೇರಿ ಮಾಡಸ್ರಿ."

"ಪಾಸ್‌ವರ್ಡ್ ಮಾಸ್ತರಿಗೆ ಮರ್ತೈತಿ."

"ಎಲ್ಲೆರ ಬರದಿಟ್ಟಿರ್ತಾರ. ಮಾಸ್ತರಲ್ಲೇನು ಅವರು?"

ಖುರ್ಷಿದಾ ಹಿಂದಿನಿಂದ ಮುಂದಕ್ಕೆ ಬಾಗಿದಳು. "ಅಣ್ಣಾರ, ನೀವು ಒಂಬತ್ತು ವರ್ಷದಾಗ ಅವರನ್ನ ಎಷ್ಟು ಸಲ ಕೇಳೀರಿ?"

ಒಂದೇ ಸಲ. ಮರೆತಿದೆ ಎಂದರು, ಸುಮ್ಮನಾದೆ. ದೊಡ್ಡವರು, ಮುಜುಗರ ಆಗಬಾರದು ಎಂದು... ಅಥವಾ ಹೊಸಬರು ಬಾರದಿದ್ದರೇ ಆರಾಮ ಎಂದು ನನಗೇ ಒಳಗೊಳಗೆ ಇತ್ತೋ? ಇರಬಹುದು.

ಜುಲೈ 2, ಬುಧವಾರ

ಮಾಸ್ತರಿಗೆ ಕೇಳಿದೆ, ಈ ಸಲ ಬಿಡದೆ.

ಬರೆದಿಟ್ಟಿದ್ದಾರಂತೆ. ಆದರೆ ಪಾಸ್‌ವರ್ಡ್ ಅಲ್ಲ. "ನೇರ ಬರದ್ರ ಯಾರರ ನೋಡ್ತಾರಂತ, ಸುಳಿವು ಬರದಿಟ್ಟೆ. ಆ ನೋಟ್‌ಬುಕ್ ಹುಡುಕಬೇಕು."

ಪದಬಂಧದವರಿಗೆ ಪಾಸ್‌ವರ್ಡ್ ಕೊಟ್ಟರೆ ಹೀಗೇ.

ಭಾನುವಾರ ಖುರ್ಷಿದಾಗೆ ಮೊಹರಂ. ಅದರ ಮುಂದಿನ ಭಾನುವಾರ ಕುಷ್ಟಗಿ.

ಜುಲೈ 13, ಭಾನುವಾರ. ಸಂಜೆ

ನಗು ಇನ್ನೂ ನಿಂತಿಲ್ಲ.

ಮಾಸ್ತರ ಮನೆ. ಸೊಸೆ ಲಲಿತಾ ಚಹಾ, ಮಂಡಕ್ಕಿ ತಂದಿಟ್ಟರು. ನೋಟ್‌ಬುಕ್ ಸಿಕ್ಕಿತ್ತು. ಕೊನೆಯ ಹಾಳೆಯಲ್ಲಿ ಮುತ್ತಿನಂಥ ಅಕ್ಷರ: 'ಚೌಕಮನೆಯ ಕೀಲಿ — ಕಾಲಿಲ್ಲದ ಅರಸನಿಗೊಂದು ಮನೆ, ನಾಲ್ಕಕ್ಷರ.'

ನಾನೂ ಖುರ್ಷಿದಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟೇನೇ? ಅರಸನ ಕೊನೆಯ ಅಕ್ಷರ ಕಾಲು. ಅದು ಹೋದರೆ 'ಅರ'. ಅದಕ್ಕೆ ಮನೆ ಸೇರಿಸು. ಅರಮನೆ.

"ಹೌದಲ್ಲ" ಎಂದರು ಮಾಸ್ತರು, ತಮ್ಮ ಸುಳಿವಿಗೆ ತಾವೇ ತಲೆದೂಗಿ. "ಛಲೋ ಐತಿ."

ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅರಮನೆ ಎಂದು ಒತ್ತಿದೆ. ತಪ್ಪು. ಮೊದಲಕ್ಷರ ದೊಡ್ಡದು ಮಾಡಿದೆ. ತಪ್ಪು. ಕೊನೆಗೆ 2008 ಸೇರಿಸಿದೆ. ತಪ್ಪು. ಎಲ್ಲಾ ದೊಡ್ಡಕ್ಷರ. ತಪ್ಪು — ಕೆಂಪಕ್ಷರ ಬಂತು: ಇನ್ನೊಂದೇ ಅವಕಾಶ ಇದೆ, ಆಮೇಲೆ ಖಾತೆ ಕಾಯಂ ಬಂದ್.

ಕೈ ಹಿಂದೆಗೆದೆ. ಮಾಸ್ತರು ಟವೆಲಿನಿಂದ ಮುಖ ಒರೆಸಿಕೊಂಡರು. ಹದಿನೇಳು ವರ್ಷದ ಮನೆ, ಒಂದು ಒತ್ತು.

"ತಡೀರಿ" ಎಂದು ಖುರ್ಷಿದಾ ಫೋನ್ ತೆಗೆದಳು. ಬೇವೂರಿಗೆ. ಸ್ಪೀಕರ್ ಹಾಕಿದಳು. ಮೊದಲು ಕುರಿಯ ಸದ್ದು, ಆಮೇಲೆ ಹುಲಗಮ್ಮ. ಸುಳಿವು ಓದಿದಳು. ಏನೇನು ಒತ್ತಿದೆವು ಎಂದೂ ಹೇಳಿದಳು.

ಹುಲಗಮ್ಮ ಸುಳಿವನ್ನು ಒಮ್ಮೆ ತನಗೆ ತಾನೇ ಹೇಳಿಕೊಂಡಳು. ಆಮೇಲೆ:

"ಮಾಸ್ತರು ಅಲ್ಲೇ ಅದಾರೇನು? ಅವರಿಗೆ ಹೇಳ್ರಿ, ಬಾಯಿಲೆ ಒಂದ್ಸಲ ಅನ್ರಿ ಅಂತ. ಬರಿಯೂದು ಬ್ಯಾಡ."

"ಅರಮನಿ" ಎಂದರು ಮಾಸ್ತರು.

ಎಲ್ಲರೂ ಅವರನ್ನೇ ನೋಡಿದೆವು.

ಹದಿನೇಳು ವರ್ಷ. ಚೌಕಮನೆಯ ಮೊದಲನೇ ನಿಯಮ ಇವರೇ ಬರೆದದ್ದು: ಗ್ರಂಥಸ್ಥ ಕನ್ನಡ ಮಾತ್ರ, ಆಡುಮಾತಿನ ಪದ ತಿರಸ್ಕೃತ. ಮನೆಗೆ ಮನಿ, ಶಾಲೆಗೆ ಸಾಲಿ, ಹಾಲಿಗೆ ಹಾಲ ಎಂದು ತುಂಬಿದವರಿಗೆಲ್ಲ ಕೆಂಪು ಗೆರೆ ಎಳೆದವರು.

ಕೊನೆಯ ಇಂಗ್ಲಿಷ್ ಅಕ್ಷರ e ತೆಗೆದು i ಒತ್ತಿದೆ. ಎಂಟರ್.

ತೆರೆಯಿತು.

ಖುರ್ಷಿದಾ ಕೂಗಿಬಿಟ್ಟಳು, ಲಲಿತಾ ಅಡುಗೆಮನೆಯಿಂದ ಓಡಿಬಂದರು. ಮಾಸ್ತರು ಟವೆಲನ್ನು ಮಡಚುತ್ತಾ, ಯಾರ ಕಡೆಯೂ ನೋಡದೆ, "ಅವಸರದಾಗ ಹಾಕಿರಬೇಕು ಅವತ್ತು" ಎಂದರು.

ಫೋನಿನಿಂದ ಹುಲಗಮ್ಮ: "ಮಾಸ್ತರ್ರ, ಎರಡು ಸಾವಿರದ ಹದಿನಾರರಾಗ ನನ್ನ 'ಸಾಲಿ'ಗೆ ತಪ್ಪು ಹಾಕಿದ್ರಿ."

"ಹಾಕಿದ್ದೆನವಾ." ಒಂದು ಗುಟುಕು ಚಹಾ. "ಇವತ್ತು ತಗದೆ."

ಆಮೇಲೆ ಎರಡು ತಾಸು ಖುರ್ಷಿದಾ ಕೂತು ಒಳಗೆಲ್ಲ ನೋಡಿದಳು. ಬಾರದ ಚಿತ್ರದ ಬದಲು ಒಂದು ಪ್ರಶ್ನೆ ಇಡಬಹುದಂತೆ. ಸರಿಯಾದ ಉತ್ತರ ಕೊಟ್ಟರೆ ಒಳಗೆ. ಮಾಸ್ತರೇ ಪ್ರಶ್ನೆ ಕೊಟ್ಟರು: 'ಕೋತಿ ತಿರುಗಿ ನಿಂತರೆ ಕೋಗಿಲೆ, ಎರಡಕ್ಷರ'. ಕಪಿ ತಿರುಗಿದರೆ ಪಿಕ. ಬಿಡಿಸಲಾಗದವರು ಏನು ಮಾಡಬೇಕು ಎಂದೆ. ಕೆಳಗೆ ನನ್ನ ಮೊಬೈಲ್ ನಂಬರ್ ಹಾಕಿದಳು. ನನ್ನನ್ನು ಕೇಳಲೂ ಇಲ್ಲ.

ಜುಲೈ 18, ಶುಕ್ರವಾರ

ಐದು ದಿನ. ಒಂದೂ ರಷ್ಯನ್ ಇಲ್ಲ. ಕೋಗಿಲೆ ಅವಕ್ಕೆ ಗೊತ್ತಿಲ್ಲ. ಬೆಳಗ್ಗೆ ಷಟರ್ ಎತ್ತಿ, ಕಂಪ್ಯೂಟರ್ ಹಾಕಿ, ಸುಮ್ಮನೆ ಕೂತೆ. ಕೈಗೆ ಕೆಲಸವೇ ಇಲ್ಲ. ಸ್ವಲ್ಪ ಬೇಜಾರೇ ಆಯಿತು.

ಖುರ್ಷಿದಾ ಬರೆದಿದ್ದಾಳೆ, ಎಲ್ಲರಿಗೂ: 'ಬಿಡೋಣ ಎಂದು ಮೊದಲು ಹೇಳಿದವಳು ನಾನು. ಬಾಗಿಲು ಕೆಟ್ಟಿತ್ತು, ಮನೆ ಕೆಟ್ಟಿರಲಿಲ್ಲ. ಜುಲೈ 31ರ ಬೀಗ ರದ್ದು ಮಾಡೋಣವೇ? ಆ್ಯಪ್ ಇರಲಿ, ಹರಟೆಗೆ, ಗುಲಾಬಿಗೆ. ಪದಬಂಧ ಮಾತ್ರ ಇಲ್ಲಿ. ಇನ್ನೊಮ್ಮೆ ಮತ ಹಾಕಿ.'

ಜುಲೈ 28, ಸೋಮವಾರ

ಕಾಲುವೆಗೆ ನೀರು ಬಂದಿದೆ. ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ನಿನ್ನೆ ಕಹಿಬೇವು ಅವರ ಪದಬಂಧ ಬಂದಿದೆ, ನೋಡಲೂ ಆಗಿಲ್ಲ. ಕಡೆಯದು ಎಂದಿದ್ದಳು. ಆ ಮಾತನ್ನು ತಾನೇ ಅಳಿಸಿದ್ದಾಳೆ.

ಮತ: ಇರೋಣ 58, ಬಿಡೋಣ 19.

ಆಗಸ್ಟ್ 3, ಭಾನುವಾರ

ಎಲ್ಲರಿಗೂ ಖುಷಿಯಾಗಿಲ್ಲ. ಹನ್ನೊಂದು ಹಳಬರು ಮುನಿಸಿಕೊಂಡು ಆ್ಯಪ್‌ನಲ್ಲೇ ಉಳಿದಿದ್ದಾರೆ. ಒಂದು ಸಲ ನಿರ್ಧಾರ ಆದ ಮೇಲೆ ಬದಲಿಸಿದ್ದು ತಪ್ಪು ಎಂದು. ಅವರ ಮಾತಿನಲ್ಲೂ ನ್ಯಾಯವಿದೆ. ಹನಮೇಶನೂ ಅಲ್ಲೇ. ಅವನಿಲ್ಲದೆ ಉತ್ತರ ಬಯಲಾಗುವ ಭಯ ಹೋಗಿದೆ, ಆದರೆ ಅವನ ಗದ್ದಲವಿಲ್ಲದೆ ಭಾನುವಾರ ಬಿಕೋ ಎನ್ನುತ್ತದೆ. ಫೋನ್ ಮಾಡಿ ಕರೆಯಬೇಕು.

ಭೀಮಕ್ಕ ಫೋರಂಗೆ ಬಂದಳು. ಜೊತೆಗೆ ಅಂಗನವಾಡಿಯ ಮೂವರು ಗೆಳತಿಯರು. ಕೋಗಿಲೆ ಸಿಗದೆ ನನಗೆ ಫೋನ್ ಮಾಡಿದವರು ಈವರೆಗೆ ಏಳು ಜನ. ಒಬ್ಬರು ನಡುವೆ ಬೋರ್‌ವೆಲ್ ಮೋಟಾರಿನ ರೇಟೂ ಕೇಳಿದರು.

ಮಾಸ್ತರು ನಿಯಮ ತಿದ್ದಿದ್ದಾರೆ. 'ಆಡುಮಾತಿನ ಪದ ಸ್ವೀಕೃತ. ಸುಳಿವಿನಲ್ಲಿ ಊರು ಸೂಚಿಸತಕ್ಕದ್ದು.' ಸಹಿ ಹಾಕಿ, ತಾರೀಖು ಹಾಕಿ.

ಆಗಸ್ಟ್ 17, ಭಾನುವಾರ. ಬೆಳಗ್ಗೆ 9.20

ಅಂಗಡಿಗೆ ರಜೆ. ಷಟರ್ ಅರ್ಧ ಇಳಿಸಿ ಒಳಗೆ ಕೂತಿದ್ದೇನೆ. ಶಿವಲೀಲಾಗೆ ಸ್ಟಾಕ್ ನೋಡಲು ಹೋಗುತ್ತೇನೆ ಎಂದಿದ್ದೆ. "ನೋಡ್ರಿ ನೋಡ್ರಿ, ಒಂಬತ್ತಕ್ಕ ಬರ್ತೈತಲ್ಲ ನಿಮ್ಮ ಸ್ಟಾಕು" ಎಂದಳು.

ಈಗ ಚೌಕಮನೆಯಲ್ಲಿ ಐವತ್ತಮೂರು ಜನ ಒಟ್ಟಿಗೆ ಕೂತಿದ್ದಾರೆ. ಇಷ್ಟು ಜನ ಒಮ್ಮೆಗೇ ಕಂಡದ್ದು ನನಗೆ ನೆನಪಿಲ್ಲ.

ಇವತ್ತಿನದು ಅವಳದು. ಮೇಲೆ 'ಕಹಿಬೇವು' ಅಲ್ಲ, ಮೊದಲ ಸಲ ಪೂರ್ತಿ ಹೆಸರು — ಹುಲಗಮ್ಮ, ಬೇವೂರು. ಅದನ್ನು ನೋಡುತ್ತಲೇ ಎರಡು ನಿಮಿಷ ಹೋಯಿತು. ಅಷ್ಟರಲ್ಲಿ ಖುರ್ಷಿದಾ ಆರು ಬಿಡಿಸಿ ಮೆಸೇಜ್ ಹಾಕಿದ್ದಾಳೆ: ಡ್ಯೂಟಿಗೆ ಹೋಗುವ ಬಸ್ಸಿನಲ್ಲಿದ್ದಾಳಂತೆ, ಇಳಿಯುವ ಮುಂಚೆ ಮುಗಿಸುತ್ತಾಳಂತೆ.

ನಾನು ಏಳು ಮುಗಿಸಿದೆ. ಎಡದಿಂದ ಬಲಕ್ಕೆ ಹದಿನಾಲ್ಕನೆಯದು ಯಾರ ಮೇಲೆ ಎಂದು ಯಾರೂ ಹೇಳಬೇಕಿಲ್ಲ: 'ಗಂಗಾವತಿಯ ಮೋಟಾರ್ ಅಂಗಡಿಯವನಿಗೆ ಭಾನುವಾರವೂ ಸಿಗದ್ದು, ಮೂರಕ್ಷರ'.

ಷಟರ್ ಯಾರೋ ಬಡಿಯುತ್ತಿದ್ದಾರೆ. "ಪ್ರಭಣ್ಣಾ, ಒಳಗ ಅದೀರೇನು? ಮೋಟಾರ್ ಸುಟ್ಟೈತಿ, ಗದ್ದ್ಯಾಗ ನೀರ ಇಲ್ರಿ."

ಬಂದೆ ಬಂದೆ. ಇದೊಂದು ಬರೆದು ಏಳುತ್ತೇನೆ, ಮೂರೇ ಅಕ್ಷರ: ಬಿಡು—